ಶ್ರುತಿ ತಪ್ಪದೆ ತಿರುಗಬೇಕು

(ಮೈಸೂರಿನಲ್ಲಿ ಸಂಗೀತ ಕೇಳುಗರ ಸಣ್ಣ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ನಡೆದ ಪ್ರಶ್ನೋತ್ತರದ ಕೆಲವು ಭಾಗಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಾತು ಶುರುಮಾಡುವ ಮೊದಲು ಒಂದು ಗ್ರಾಮಾಫೋನ್ ಪ್ಲೇಟು ಹಾಕಿದ್ದೆ. ವೀಣೆ, ಅದರ ಹಿಂದೆ ತಂಬೂರಿ. ಒಂದೂವರೆ ನಿಮಿಷ ಕಳೆದ ಮೇಲೆ ಯಾರಿಗೂ ಹೇಳದೆ ಯಂತ್ರದ ಪಕ್ಕದಲ್ಲಿರುವ ಈ ಗುಂಡಿಯನ್ನು ಸ್ವಲ್ಪ ಸರಿಸಿದೆ. ಎರಡನೇ ಸಾಲಿನಲ್ಲಿ ಕುಳಿತಿರುವ ಅಮ್ಮನವರು ತಕ್ಷಣ ತಲೆ ಎತ್ತಿ ಪಕ್ಕದವರಿಗೆ "ಶ್ರುತಿ ಏರಿತಲ್ಲ" ಎಂದರು. ನಾನು ಏರಿಸಿದ್ದು ನೂರಕ್ಕೆ ಒಂದೂಕಾಲು ಪಾಲು ಮಾತ್ರ. ನಿಮಿಷಕ್ಕೆ 33.33 ಸುತ್ತು ತಿರುಗಬೇಕಾದದ್ದು 33.75 ಸುತ್ತು ತಿರುಗಿತು. ನಮ್ಮ ಶಾಸ್ತ್ರದವರು ಪ್ರಮಾಣ ಶ್ರುತಿ ಎನ್ನುತ್ತಾರಲ್ಲ, 81ಕ್ಕೂ 80ಕ್ಕೂ ಇರುವ ಅಂತರ, ಹೆಚ್ಚುಕಡಿಮೆ ಅಷ್ಟು. ಅಮ್ಮನವರಿಗೆ ಟರ್ನ್‌ಟೇಬಲ್, ಅಂದರೆ ಪ್ಲೇಟು ತಿರುಗಿಸುವ ಈ ಯಂತ್ರದ ಬಗ್ಗೆ ಏನೂ ಗೊತ್ತಿಲ್ಲವಂತೆ, ಆಗಲೇ ಕೇಳಿದೆ. ಆದರೂ ಒಳ್ಳೆಯ ಯಂತ್ರ ಯಾವುದು, ಕೆಟ್ಟದ್ದು ಯಾವುದು ಎಂದು ಹೇಳುವ ಕಿವಿ ಅವರಿಗಿದೆ. ಇಲ್ಲಿರುವ ಬಹಳ ಜನರಿಗೂ ಇದೆ. ಇವತ್ತಿನ ನನ್ನ ಮಾತೆಲ್ಲ ಆ ಕಿವಿಯನ್ನು ನಂಬಿ ಯಂತ್ರ ಆರಿಸುವುದು ಹೇಗೆ ಎಂಬುದರ ಮೇಲೆಯೇ.

ಪ್ಲೇಟು ಮತ್ತೆ ಬಂದಿದೆ ಎಂದು ಎಲ್ಲರೂ ಹೇಳುತ್ತಿದ್ದಾರೆ. ಅದು ಹಿಂದೆ ನಮ್ಮಲ್ಲಿ ಇದ್ದಾಗ ಏನು ಮಾಡಿತ್ತು ಎನ್ನುವುದನ್ನು ನೆನೆದು ಮುಂದೆ ಹೋಗೋಣ. 1933ರ ಮಾತು. ಗದಗಿನ ಹನ್ನೊಂದು ವರ್ಷದ ಹುಡುಗನೊಬ್ಬ ಅಂಗಡಿಯಲ್ಲಿ ಅಬ್ದುಲ್ ಕರೀಂ ಖಾನರ ಪ್ಲೇಟು ಕೇಳುತ್ತಾನೆ. ಜಿಂಝೋಟಿ ರಾಗದ ಠುಮ್ರಿ. ಒಂದು ಮಗ್ಗುಲಿಗೆ ಮೂರು ಚಿಲ್ಲರೆ ನಿಮಿಷ ಹಿಡಿಯುತ್ತಿದ್ದ ಕಾಲ ಅದು. ಹೀಗೆ ಹಾಡಬೇಕು ಎಂಬುದು ಅವನ ಮನಸ್ಸಿನಲ್ಲಿ ಕೂತುಬಿಟ್ಟಿತು. ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೋದ. ಗ್ವಾಲಿಯರ್, ಜಲಂಧರ್ ಎಂದೆಲ್ಲ ಅಲೆದು ಕೊನೆಗೆ ತನ್ನೂರಿಗೆ ಹತ್ತಿರದ ಕುಂದಗೋಳದಲ್ಲಿ, ಅದೇ ಕರೀಂ ಖಾನರ ಶಿಷ್ಯ ಸವಾಯಿ ಗಂಧರ್ವರ ಮನೆ ಸೇರಿದ. ಆ ಹುಡುಗ ಭೀಮಸೇನ ಜೋಶಿ. ಆ ಅಂಗಡಿಯ ಯಂತ್ರ ಎಂಥದ್ದಿತ್ತೋ. ಆ ಹೊತ್ತಿಗೆ ಅದು ಜೋಲಿ ಹೊಡೆಯದೆ ತಿರುಗಿತಲ್ಲ, ಅದಕ್ಕೆ ನಾನು ಕೈ ಮುಗಿಯುತ್ತೇನೆ.

ಈ ಊರಿನಲ್ಲಿ ನಿಂತು ಗೌಹರ್ ಜಾನರ ಹೆಸರು ಹೇಳದಿದ್ದರೆ ತಪ್ಪಾಗುತ್ತದೆ. 1902ರ ನವೆಂಬರಿನಲ್ಲಿ ಲಂಡನ್ನಿನ ಗ್ರಾಮಾಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲಕತ್ತೆಗೆ ಬಂದು ಅವರ ಹಾಡು ಮುದ್ರಿಸಿದರು. ಹಾಡು ಮುಗಿಯುತ್ತಲೇ ಆಕೆ "ನನ್ನ ಹೆಸರು ಗೌಹರ್ ಜಾನ್" ಎಂದು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಾರೆ. ಮೇಣದ ಮೂಲ ತಟ್ಟೆಗಳು ಜರ್ಮನಿಯ ಹ್ಯಾನೋವರ್‌ಗೆ ಹೋಗಬೇಕಿತ್ತು. ಅಲ್ಲಿನ ಕೆಲಸಗಾರರಿಗೆ ಯಾರ ಹಾಡು ಯಾವುದು ಎಂದು ತಿಳಿಯಲಿ ಎಂದು ಹೀಗೆ ಹೇಳಿಸುತ್ತಿದ್ದರು. 1908ರಲ್ಲಿ ಕಲಕತ್ತೆಯ ಸಿಯಾಲ್ದಾದಲ್ಲೇ ಪ್ಲೇಟು ಒತ್ತುವ ಕಾರ್ಖಾನೆ ಶುರುವಾಯಿತು. ಅದೇ ಗೌಹರ್ ಜಾನ್ ಕಡೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ಸೇರಿ, 1930ರ ಜನವರಿ 17ರಂದು ಇಲ್ಲೇ, ಮೈಸೂರಿನಲ್ಲೇ ತೀರಿಕೊಂಡರು.

ಆ ಕಾಲದ ಪ್ಲೇಟು ಈಗಿನ ಹಾಗೆ ವಿನೈಲ್ ಎಂಬ ಪ್ಲಾಸ್ಟಿಕ್ ಅಲ್ಲ, ಅರಗು. ಚನ್ನಪಟ್ಟಣದ ಗೊಂಬೆಗೆ ಬಣ್ಣ ಹಿಡಿಸುತ್ತಾರಲ್ಲ, ಮರದ ಪಾಲಿಶ್‌ಗೆ ಸ್ಪಿರಿಟ್‌ನಲ್ಲಿ ಕರಗಿಸುತ್ತಾರಲ್ಲ, ಅದೇ ಅರಗು. ಅದಕ್ಕೆ ಕಲ್ಲಿನ ಪುಡಿ, ಮಸಿ ಸೇರಿಸಿ ಬಿಸಿಯಲ್ಲಿ ಒತ್ತುತ್ತಿದ್ದರು. ಕೈ ಜಾರಿದರೆ ಹಪ್ಪಳದ ಹಾಗೆ ಚೂರಾಗುತ್ತದೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ನಿಮ್ಮ ಮನೆಯ ಅಟ್ಟದಲ್ಲಿ ಅಜ್ಜನ ಕಾಲದ 78ರ, ಅಂದರೆ ನಿಮಿಷಕ್ಕೆ 78 ಸುತ್ತಿನ, ಪ್ಲೇಟುಗಳಿದ್ದರೆ ದಯವಿಟ್ಟು ಅವನ್ನು ಸ್ಪಿರಿಟ್ ಹಾಕಿ ಒರೆಸಬೇಡಿ. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಧೂಳಿನ ಜೊತೆ ಹಾಡೂ ಬಟ್ಟೆಗೆ ಬಂದುಬಿಡುತ್ತದೆ. ನನ್ನ ಕಣ್ಣೆದುರಿಗೇ ಒಂದು ಪ್ಲೇಟು ಹಾಗೆ ಹೋಯಿತು. ತಡೆಯುವಷ್ಟು ಹೊತ್ತೂ ಸಿಗಲಿಲ್ಲ.

ವಿನೈಲ್‌ನ ಎಲ್‌ಪಿ, ಅಂದರೆ ಲಾಂಗ್ ಪ್ಲೇ ಪ್ಲೇಟು, ಬಂದದ್ದು 1948ರಲ್ಲಿ, ಅಮೆರಿಕದ ಕೊಲಂಬಿಯಾ ಕಂಪನಿಯಿಂದ. ಮಗ್ಗುಲಿಗೆ ಇಪ್ಪತ್ತು ನಿಮಿಷದ ಮೇಲೆ. ನಮ್ಮ ಸಂಗೀತಕ್ಕೆ ಇದು ಎಷ್ಟು ದೊಡ್ಡ ಸಂಗತಿ ಯೋಚಿಸಿ. ಮೂರು ನಿಮಿಷದಲ್ಲಿ ಆಲಾಪವೆಲ್ಲಿ, ವಿಲಂಬಿತವೆಲ್ಲಿ? 1955ರಲ್ಲಿ ಸರೋದ್ ವಾದಕ ಅಲಿ ಅಕ್ಬರ್ ಖಾನರು ನ್ಯೂಯಾರ್ಕಿನಲ್ಲಿ ನುಡಿಸಿದ ಎಲ್‌ಪಿಯಲ್ಲಿ ಮಗ್ಗುಲಿಗೊಂದರಂತೆ ರಾಗ. ಮಲ್ಲಿಕಾರ್ಜುನ ಮನ್ಸೂರರೂ 1930ರ ದಶಕದಲ್ಲೇ 78ರ ಪ್ಲೇಟುಗಳಿಗೆ ಹಾಡಿದವರು. ಆಮೇಲಿನ ಅವರ ಎಲ್‌ಪಿ ಕೇಳಿದರೆ, ರಾಗಕ್ಕೆ ಉಸಿರಾಡಲು ಜಾಗ ಸಿಕ್ಕಿದ್ದು ಕಿವಿಗೇ ಗೊತ್ತಾಗುತ್ತದೆ.

ಕ್ಯಾಸೆಟ್ಟು ಬಂತು, 1982ರಲ್ಲಿ ಸಿ.ಡಿ. ಬಂತು, ಪ್ಲೇಟು ಅಟ್ಟ ಸೇರಿತು. ಈಗ ತಿರುಗಿ ಬಂದಿದೆ. ಅಮೆರಿಕದಲ್ಲಿ 2022ರಲ್ಲಿ 4 ಕೋಟಿ 10 ಲಕ್ಷ ವಿನೈಲ್ ಪ್ಲೇಟುಗಳು ಮಾರಾಟವಾದರೆ ಸಿ.ಡಿ.ಗಳು 3 ಕೋಟಿ 30 ಲಕ್ಷ. ಸಂಖ್ಯೆಯಲ್ಲಿ ಪ್ಲೇಟು ಸಿ.ಡಿ.ಯನ್ನು ದಾಟಿದ್ದು 1987ರ ನಂತರ ಅದೇ ಮೊದಲು. 2020ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಬ್ಯಾನಿಂಗ್ ಎಂಬಲ್ಲಿ ಅಪೋಲೊ ಮಾಸ್ಟರ್ಸ್ ಎಂಬ ಕಾರ್ಖಾನೆ ಸುಟ್ಟುಹೋಯಿತು. ಪ್ಲೇಟಿನ ಮೂಲ ಗೀರು, ಅಂದರೆ ಮುಳ್ಳು ಓಡುವ ಸುರುಳಿ ಸಾಲು, ಕೊರೆಯಲು ಬೇಕಾದ ಲ್ಯಾಕರ್ ತಟ್ಟೆ ಮಾಡುತ್ತಿದ್ದ ಕಾರ್ಖಾನೆಗಳು ಪ್ರಪಂಚದಲ್ಲಿ ಎರಡೇ ಇದ್ದವು. ಉಳಿದದ್ದು ಜಪಾನಿನ ಒಂದು. ಅಂಥ ಪೆಟ್ಟು ಬಿದ್ದ ಮೇಲೂ ಮಾರಾಟ ಏರುತ್ತಲೇ ಹೋಯಿತು.

ಪ್ಲೇಟಿನ ದನಿ ಸಿ.ಡಿ.ಗಿಂತ ಮೇಲು ಎಂದು ನಾನು ಹೇಳುವುದಿಲ್ಲ. ಮೆಲುದನಿಗೂ ಗಟ್ಟಿದನಿಗೂ ನಡುವಿನ ಅಂತರ ಸಿ.ಡಿ.ಯಲ್ಲಿ ಬಹಳ ಹೆಚ್ಚು, ಹಿಂದೆ ಕರಕರ ಸದ್ದಿಲ್ಲ, ವೇಗವಂತೂ ಕದಲುವುದೇ ಇಲ್ಲ. ಈಗ ಬರುತ್ತಿರುವ ಹೊಸ ಪ್ಲೇಟುಗಳಲ್ಲಿ ಬಹಳಷ್ಟನ್ನು ಡಿಜಿಟಲ್ ಫೈಲಿನಿಂದಲೇ ಕೊರೆಯುತ್ತಾರೆ. ನನಗೆ ಪ್ಲೇಟು ಯಾಕೆ ಬೇಕೆಂದರೆ, ಎಷ್ಟೋ ಸಂಗೀತ ಪ್ಲೇಟಿನಲ್ಲಿ ಮಾತ್ರ ಉಳಿದಿದೆ. ಇನ್ನೊಂದು ಕಾರಣ, ಇಪ್ಪತ್ತು ನಿಮಿಷ ಕೂತಲ್ಲೇ ಕೂತು ಒಂದು ರಾಗ ಕೇಳುವ ಅಭ್ಯಾಸ ನನಗೆ ಅದರಿಂದ ಬಂತು. ಇಷ್ಟು ಸಾಕು ನನಗೆ.

ಈಗ ಯಂತ್ರದ ವಿಷಯ. ಇದಕ್ಕೆ ನನ್ನದೇ ಒಂದು ಅನುಭವ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ದೊಡ್ಡಪ್ಪನ ಮಗ ಅಮೆರಿಕದಿಂದ ಬರುವಾಗ ಹಳೆಯ ಬೆಲ್ಟ್ ಡ್ರೈವ್ ಟರ್ನ್‌ಟೇಬಲ್ (ಮೋಟಾರು ರಬ್ಬರು ಬೆಲ್ಟಿನಿಂದ ತಟ್ಟೆಯನ್ನು ತಿರುಗಿಸುವಂಥದ್ದು) ಒಂದನ್ನು ಪ್ರೀತಿಯಿಂದ ತಂದುಕೊಟ್ಟ. ನೋಡಲು ಕಣ್ಣು ತುಂಬುವಂಥ ಮರದ ಕೆಲಸ. ಅಲ್ಲಿ 120 ವೋಲ್ಟ್, ಇಲ್ಲಿ 230. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತಂದು ಜೋಡಿಸಿದೆ. ನಮ್ಮಮ್ಮ ಚಿಕ್ಕಂದಿನಿಂದ ಕೇಳಿಕೊಂಡು ಬಂದ ಗಾಯಕಿಯೊಬ್ಬರ ಪ್ಲೇಟು ಹಾಕಿದೆ. ಅಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದು ಒಂದು ನಿಮಿಷ ನಿಂತು ಕೇಳಿ, "ಇದು ಅವರ ಶ್ರುತಿ ಅಲ್ಲ ಕಣೋ, ಐದು ಮನೆಯವರನ್ನು ಮೂರು ಮನೆಗೆ ಇಳಿಸಿದ್ದೀಯ" ಎಂದರು. ಮನೆ ಎಂದರೆ ಹಾರ್ಮೋನಿಯಂನ ಕೀಲಿ, ಶ್ರುತಿಯ ಎತ್ತರವನ್ನು ಅದರಿಂದ ಹೇಳುತ್ತಾರೆ.

ಅವರ ಲೆಕ್ಕ ಸರಿಯಾಗಿಯೇ ಇತ್ತು. ಆ ಯಂತ್ರದ ಮೋಟಾರು ಕರೆಂಟಿನ ಆವರ್ತನಕ್ಕೆ ಕಟ್ಟುಬಿದ್ದು ತಿರುಗುವಂಥದ್ದು. ಅಮೆರಿಕದ ಕರೆಂಟು ಸೆಕೆಂಡಿಗೆ 60 ಆವರ್ತನ, ನಮ್ಮದು 50. ಟ್ರಾನ್ಸ್‌ಫಾರ್ಮರ್ ವೋಲ್ಟೇಜು ಇಳಿಸುತ್ತದೆಯೇ ಹೊರತು ಆವರ್ತನವನ್ನು ಮುಟ್ಟುವುದಿಲ್ಲ. ಹಾಗಾಗಿ 33.33 ಸುತ್ತು ತಿರುಗಬೇಕಾದ ತಟ್ಟೆ 27.8 ಸುತ್ತು ತಿರುಗುತ್ತಿತ್ತು. ಆರಕ್ಕೆ ಐದು. ಷಡ್ಜಕ್ಕೂ ಸಾಧಾರಣ ಗಾಂಧಾರಕ್ಕೂ ಇರುವ ಅಂತರವೇ ಈ ಆರಕ್ಕೆ ಐದು. ಹಾರ್ಮೋನಿಯಂ ಮೇಲೆ ನೋಡಿದರೆ ಐದು ಮನೆಯಿಂದ ಮೂರು ಮನೆಗೆ ಇಳಿದ ಹಾಗೆ. ಅಮ್ಮ ಕಿವಿಯಲ್ಲಿ ಹೇಳಿದ್ದನ್ನೇ ನಾನು ಕಾಗದದ ಮೇಲೆ ಬರೆದು ನೋಡಿದೆ, ಅಷ್ಟೇ.

ಅದಕ್ಕೆ ಪರಿಹಾರ ಮೋಟಾರಿನ ತುದಿಯ ಪುಲಿ. ಬೆಲ್ಟು ಸುತ್ತಿಕೊಳ್ಳುವ ಹಿತ್ತಾಳೆಯ ಸಣ್ಣ ಗಾಲಿ ಅದು. ಮೋಟಾರು ನಿಧಾನವಾದರೆ ಗಾಲಿ ದಪ್ಪಗಾಗಬೇಕು. ವರ್ನಿಯರ್ ಹಿಡಿದು ಅಳೆದೆ, ಸರಿಯಾಗಿ 10 ಮಿಲಿಮೀಟರ್. ಆರಕ್ಕೆ ಐದು ಅಂದಮೇಲೆ 12 ಮಿಲಿಮೀಟರ್ ಬೇಕು ಎಂದು ಲೇತ್ ಕೆಲಸದವರ ಹತ್ತಿರ ಮಾಡಿಸಿ ತಂದೆ. ತಟ್ಟೆಯ ಅಂಚಿಗೆ ಚೂರು ಕಾಗದ ಅಂಟಿಸಿ, ಗಡಿಯಾರ ಹಿಡಿದು ಎಣಿಸಿದೆ. 33.33 ಸುತ್ತಿನ ತಟ್ಟೆ ಮೂರು ನಿಮಿಷಕ್ಕೆ ಸರಿಯಾಗಿ ನೂರು ಸುತ್ತಬೇಕು. ತೊಂಬತ್ತೊಂಬತ್ತೇ ಆಯಿತು. ಮತ್ತೆ ಎಣಿಸಿದೆ, ಆಗಲೂ ತೊಂಬತ್ತೊಂಬತ್ತೇ. ಎರಡು ದಿನ ಅದೇ ಯೋಚನೆ. ಆಮೇಲೆ ಹೊಳೆಯಿತು, ಬೆಲ್ಟಿಗೂ ದಪ್ಪವಿದೆಯಲ್ಲ! ಗಾಲಿಯ ಅಳತೆ ಹಾಕುವಾಗ ಬೆಲ್ಟಿನ ದಪ್ಪವೂ ಅದರ ಜೊತೆ ಸೇರಬೇಕು. ಬೆಲ್ಟು 0.6 ಮಿಲಿಮೀಟರ್ ಇತ್ತು. 10.6ಕ್ಕೆ ಆರಕ್ಕೆ ಐದರ ಲೆಕ್ಕ ಹಾಕಿದರೆ 12.72, ಅದರಲ್ಲಿ ಬೆಲ್ಟು ಕಳೆದರೆ ಗಾಲಿ 12.12 ಇರಬೇಕು. ಲೇತಿನವರು ಎರಡನೇ ಗಾಲಿ ಮಾಡಿಕೊಟ್ಟರು, ಮೊದಲಿನದಕ್ಕಿಂತ 0.12 ಮಿಲಿಮೀಟರ್ ದಪ್ಪ. ಬೆರಳಲ್ಲಿ ಮುಟ್ಟಿದರೆ ಎರಡಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಹಾಕಿ ಎಣಿಸಿದೆ, ನೂರು. ಅಮ್ಮನನ್ನು ಕರೆದು ಕೂರಿಸಿದೆ. ಅವರು ಏನೂ ಹೇಳಲಿಲ್ಲ, ತೊಡೆಯ ಮೇಲೆ ತಾಳ ಹಾಕತೊಡಗಿದರು.

ಹಳೆಯ ಯಂತ್ರ ಕೊಳ್ಳುವವರು, ವಿದೇಶದ ನಂಟರಿಂದ ತರಿಸುವವರು ಮೊದಲು ಇದನ್ನೇ ನೋಡಬೇಕು. ಹಿಂಬದಿಯ ಪಟ್ಟಿಯಲ್ಲಿ 50 ಎಂದಿದೆಯೋ 60 ಎಂದಿದೆಯೋ? 60 ಮಾತ್ರ ಇದ್ದು ಮೋಟಾರು ಮನೆಯ ಕರೆಂಟಿನಿಂದಲೇ ನೇರವಾಗಿ ಓಡುವಂಥದ್ದಾದರೆ, 50ರ ಪುಲಿ ಸಿಗುವುದೋ ವಿಚಾರಿಸಿ ಆಮೇಲೆ ತರಿಸಿ.

ವೇಗದಲ್ಲಿ ಎರಡು ಬಗೆಯ ತಪ್ಪುಗಳುಂಟು. ಒಂದೇ ಸಮನೆ ತುಸು ಹೆಚ್ಚೋ ಕಡಿಮೆಯೋ ತಿರುಗಿದರೆ ಶ್ರುತಿ ಬದಲಾಗುತ್ತದೆ, ರಾಗ ಕೆಡುವುದಿಲ್ಲ. ಏರುತ್ತ ಇಳಿಯುತ್ತ ತಿರುಗಿದರೆ ಮಾತ್ರ ರಾಗವೇ ಹಾಳು. ಗಾಯಕರು ಹಾಕದ ಗಮಕವನ್ನು ಯಂತ್ರ ಹಾಕಿಬಿಡುತ್ತದೆ. ನಿಂತ ಷಡ್ಜ ಅಲುಗುತ್ತದೆ. ಇದನ್ನು ಕಂಡುಹಿಡಿಯಲು ನಮ್ಮ ಸಂಗೀತಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಅಂಗಡಿಗೆ ಹೋಗುವಾಗ ತಂಬೂರಿ ಚೆನ್ನಾಗಿ ಕೇಳುವ, ನಿಧಾನ ಆಲಾಪ ಇರುವ ಪ್ಲೇಟೊಂದನ್ನು ಕೈಯಲ್ಲಿ ಹಿಡಿದು ಹೋಗಿ. ಡ್ರಮ್ಮು, ಗಿಟಾರು ಇರುವ ಪ್ಲೇಟಿನಲ್ಲಿ ದೋಷ ಅಡಗಿಬಿಡುತ್ತದೆ, ತಂಬೂರಿಯಲ್ಲಿ ಅಡಗುವುದಿಲ್ಲ. ಆದರೆ ಯಂತ್ರವನ್ನು ಬೈಯುವ ಮೊದಲು ಪ್ಲೇಟಿನ ತೂತು ನಡುಮಧ್ಯದಲ್ಲಿದೆಯೇ ನೋಡಿ. ತೂತು ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕಿದ್ದರೆ, ಪ್ಲೇಟಿನ ನಡುಭಾಗದ ಗೀರುಗಳಲ್ಲಿ ದನಿ ನೂರಕ್ಕೆ ಒಂದು ಪಾಲು ಮೇಲೆ, ಒಂದು ಪಾಲು ಕೆಳಗೆ ಜೀಕುತ್ತದೆ. ಪ್ರತಿ 1.8 ಸೆಕೆಂಡಿಗೊಮ್ಮೆ ಬಂದು ಹೋಗುವ ಆ ಜೀಕು ಪ್ಲೇಟಿನದು, ಯಂತ್ರದ್ದಲ್ಲ. ಮುಳ್ಳಿನ ತೋಳು ಆಚೀಚೆ ತೂಗುವುದು ಕಣ್ಣಿಗೇ ಕಾಣುತ್ತದೆ.

ಬೆಲ್ಟ್ ಡ್ರೈವ್ ಒಳ್ಳೆಯದೋ ಡೈರೆಕ್ಟ್ ಡ್ರೈವ್ ಒಳ್ಳೆಯದೋ ಎಂದು ಬಹಳ ಜನ ಕೇಳುತ್ತಾರೆ. ಬೆಲ್ಟಿನಲ್ಲಿ ಮೋಟಾರಿನ ಅದುರು ರಬ್ಬರಿನಲ್ಲೇ ಇಂಗಿಹೋಗುತ್ತದೆ, ತಟ್ಟೆಗೆ ಮುಟ್ಟುವುದಿಲ್ಲ. ಆದರೆ ರಬ್ಬರು ಸಡಿಲವಾಗುತ್ತದೆ. ನಮ್ಮ ಬೇಸಿಗೆಗಳಲ್ಲಿ ಇನ್ನೂ ಬೇಗ. ಕೆಲವು ವರ್ಷಕ್ಕೊಮ್ಮೆ ಬದಲಿಸಿದರಾಯಿತು, ದೊಡ್ಡ ಖರ್ಚಲ್ಲ. ಡೈರೆಕ್ಟ್ ಡ್ರೈವ್‌ನಲ್ಲಿ ಮೋಟಾರಿನ ಮೇಲೇ ತಟ್ಟೆ ಕೂರುತ್ತದೆ, ಬಹಳಷ್ಟು ಯಂತ್ರಗಳಲ್ಲಿ ಸ್ಫಟಿಕದ ಗಡಿಯಾರವೊಂದು ವೇಗವನ್ನು ಹಿಡಿದಿಡುತ್ತದೆ. ಜಪಾನಿನ ಟೆಕ್ನಿಕ್ಸ್ ಕಂಪನಿ 1972ರಲ್ಲಿ ತಂದ ಎಸ್‌ಎಲ್-1200 ಡೈರೆಕ್ಟ್ ಡ್ರೈವ್‌ಗೆ ಹೆಸರುವಾಸಿ. 2010ರಲ್ಲಿ ಅದನ್ನು ನಿಲ್ಲಿಸಿದರು, ಕೇಳುವವರು ಹೆಚ್ಚಾಗಿ 2016ರಲ್ಲಿ ಮತ್ತೆ ತಂದರು. ಶ್ರುತಿ ನಿಲ್ಲಬೇಕೆನ್ನುವವನು ನಾನು. ನನ್ನ ಮನಸ್ಸು ಡೈರೆಕ್ಟ್ ಡ್ರೈವ್ ಕಡೆಗೇ ವಾಲುತ್ತದೆ. ಹಾಗೆಂದು ಇಂಗ್ಲೆಂಡಿನ ರೆಗಾ, ಆಸ್ಟ್ರಿಯಾದ ಪ್ರೋ-ಜೆಕ್ಟ್ ಕಂಪನಿಗಳ ಬೆಲ್ಟಿನ ಯಂತ್ರಗಳನ್ನು ಕೇಳಿ ಸಂತೋಷಪಟ್ಟವನೂ ಹೌದು. ಗ್ಯಾರಾರ್ಡ್ ಕಂಪನಿಯ ಹಳೆಯ ಯಂತ್ರಗಳಲ್ಲಿ ಮೋಟಾರಿಗೂ ತಟ್ಟೆಗೂ ನಡುವೆ ರಬ್ಬರು ಚಕ್ರ ಇರುತ್ತದೆ. ವರ್ಷಗಟ್ಟಲೆ ನಿಂತಲ್ಲೇ ನಿಂತರೆ ಅದರ ಒಂದು ಕಡೆ ಚಪ್ಪಟೆಯಾಗಿ ಗುಡುಗುಟ್ಟುತ್ತದೆ. ಕೊಳ್ಳುವಾಗ ಕೈಯಿಟ್ಟು ನೋಡಿ.

ಈಗ ಮುಳ್ಳು. ನೀವು ಖರ್ಚು ಮಾಡುವ ದುಡ್ಡಿನಲ್ಲಿ ವೇಗದ ನಂತರದ ಪಾಲು ಹೋಗಬೇಕಾದದ್ದು ಇಲ್ಲಿಗೆ. ಯಾಕೆಂದರೆ ಇಡೀ ಯಂತ್ರದಲ್ಲಿ ಹಾಡನ್ನು ಮುಟ್ಟುವುದು ಇದೊಂದೇ. ಸೂಟ್‌ಕೇಸಿನ ಆಕಾರದಲ್ಲಿ ಬಣ್ಣಬಣ್ಣದ ಪುಟ್ಟ ಯಂತ್ರಗಳು ಸಿಗುತ್ತವೆ. ಅಗ್ಗ, ನೋಡಲು ಮುದ್ದಾಗಿರುತ್ತವೆ, ಹುಟ್ಟುಹಬ್ಬಕ್ಕೆ ಉಡುಗೊರೆ ಕೊಡುತ್ತಾರೆ. ಮುಳ್ಳನ್ನು ಹಿಡಿದು ಅದರ ಅದುರನ್ನು ವಿದ್ಯುತ್ತಾಗಿಸುವ ಸಣ್ಣ ಭಾಗವೇ ಕಾರ್ಟ್ರಿಜ್; ಅವುಗಳಲ್ಲಿ ಬಹಳಷ್ಟಕ್ಕೆ ಸಿರಾಮಿಕ್ ಕಾರ್ಟ್ರಿಜ್ ಇರುತ್ತದೆ. ಅದು ಪ್ಲೇಟಿನ ಮೇಲೆ ಐದು ಗ್ರಾಂ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಭಾರ ಬಿಡುತ್ತದೆ. ಒಳ್ಳೆಯ ಅಯಸ್ಕಾಂತದ ಕಾರ್ಟ್ರಿಜ್‌ಗೆ ಒಂದೂವರೆಯಿಂದ ಎರಡು ಗ್ರಾಂ ಸಾಕು. ಭಾರ ಹೊಂದಿಸಲು ಆ ಸೂಟ್‌ಕೇಸುಗಳಲ್ಲಿ ದಾರಿಯೂ ಇಲ್ಲ. ಸ್ಪೀಕರು ಅದೇ ಪೆಟ್ಟಿಗೆಯೊಳಗಿದ್ದು ಅದರ ಅದುರು ಮುಳ್ಳಿಗೇ ತಾಗುತ್ತದೆ. ನಮ್ಮ ಬೀದಿಯ ಹುಡುಗಿಯೊಬ್ಬಳು ಅಂಥದ್ದರಲ್ಲಿ ಅವಳ ತಾತನ ಎಲ್‌ಪಿಗಳನ್ನು ಕೇಳುತ್ತಿದ್ದಳು. ವರ್ಷವಾದ ಮೇಲೆ ಒಂದು ಪ್ಲೇಟು ನನ್ನಲ್ಲಿಗೆ ತಂದಳು, "ಅಂಕಲ್, ಎತ್ತರದ ಸ್ವರ ಬಂದಾಗೆಲ್ಲ ಬುಸ್ ಎನ್ನುತ್ತದೆ" ಎಂದು. ಭೂತಗನ್ನಡಿಯಲ್ಲಿ ತೋರಿಸಿದೆ. ಬೇರೆ ಮಗ್ಗುಲಿನ ಗೀರು ಮಿರಮಿರ ಮಿಂಚುತ್ತಿತ್ತು, ಅವಳಿಗೆ ಇಷ್ಟವಾದ ಮಗ್ಗುಲು ಬೂದುಬಣ್ಣಕ್ಕೆ ತಿರುಗಿತ್ತು. ಅದನ್ನು ಸರಿಮಾಡುವ ಕೆಲಸ ಯಾರಿಗೂ ಬರುವುದಿಲ್ಲ. ಮಗು ಸಪ್ಪೆ ಮುಖ ಮಾಡಿಕೊಂಡು ಹೋದದ್ದನ್ನು ನೆನೆದರೆ ಇವತ್ತಿಗೂ ಬೇಜಾರಾಗುತ್ತದೆ.

ಇದೇ ಕಾರಣಕ್ಕೆ ನನ್ನ ಸಲಹೆ ಹೀಗೆ. ಕಡಿಮೆ ಖರ್ಚಿನಲ್ಲಿ, ಏನನ್ನೂ ಹೊಂದಿಸುವ ತಾಪತ್ರಯ ಬೇಡ ಎನ್ನುವವರು ಆಡಿಯೊ-ಟೆಕ್ನಿಕಾದ ಎಲ್‌ಪಿ-60 ತರಹದ್ದು ತೆಗೆದುಕೊಳ್ಳಲಿ. ಅದರಲ್ಲಿ ಕಾರ್ಟ್ರಿಜ್ ಬದಲಿಸಲು ಬರುವುದಿಲ್ಲ, ಮುಳ್ಳನ್ನು ಬದಲಿಸಬಹುದು, ಪ್ಲೇಟಿಗೆ ಕೇಡಿಲ್ಲ. ಸ್ವಲ್ಪ ಹೆಚ್ಚು ಹಾಕಬಲ್ಲವರು, ಅದರಲ್ಲೂ ಮನೆಯಲ್ಲಿ ಹಳೆಯ 78ರ ಪ್ಲೇಟು ಇರುವವರು, ಅದೇ ಕಂಪನಿಯ ಎಲ್‌ಪಿ-120 ನೋಡಿ. ಡೈರೆಕ್ಟ್ ಡ್ರೈವ್, 33, 45, 78 ಮೂರೂ ವೇಗ, ಶ್ರುತಿ ಸರಿಪಡಿಸಲು ಗುಂಡಿ. ಕಾರ್ಟ್ರಿಜ್‌ನ ಮೈ ಅದೇ ಇಟ್ಟುಕೊಂಡು ಮುಂದಿನ ಮುಳ್ಳನ್ನು ಮಾತ್ರ ಎಳೆದು ಬೇರೆಯದನ್ನು ಸಿಕ್ಕಿಸಬಹುದು. 78ಕ್ಕೆಂದೇ ದಪ್ಪ ಮುಳ್ಳು ಸಿಗುತ್ತದೆ. ಎಲ್‌ಪಿಯ ಮುಳ್ಳಿನ ತುದಿಗಿಂತ 78ರದು ಸುಮಾರು ನಾಲ್ಕು ಪಟ್ಟು ದಪ್ಪವಿರಬೇಕು. ಸಣ್ಣ ಮುಳ್ಳು ಹಾಕಿದರೆ ಅಗಲ ಗೀರಿನ ತಳದಲ್ಲಿ ಕಸದ ಮೇಲೆ ಉರುಳಾಡುತ್ತದೆ, ಹಾಡು ಕೇಳಿಸುವುದಿಲ್ಲ.

ಮುಳ್ಳಿನ ಆಕಾರದ ಬಗ್ಗೆ ಒಂದು ಮಾತು. ಎಲ್‌ಪಿಯ ಹೊರ ಅಂಚಿನಲ್ಲಿ ಗೀರು ಮುಳ್ಳಿನ ಕೆಳಗೆ ಸೆಕೆಂಡಿಗೆ 51 ಸೆಂಟಿಮೀಟರ್ ಸರಿಯುತ್ತದೆ. ಒಳಗಿನ ಸುತ್ತಿಗೆ ಬರುವ ಹೊತ್ತಿಗೆ 21ಕ್ಕೆ ಇಳಿದಿರುತ್ತದೆ. ಅಷ್ಟೇ ಸಂಗೀತ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಕೂತಿರುತ್ತದೆ. ನಮ್ಮ ಕಛೇರಿಗಳಲ್ಲಿ ದ್ರುತ, ತಾನ, ತನಿ ಎಲ್ಲ ಕೊನೆಗೇ ತಾನೆ ಬರುವುದು? ಬಿರುಸು ಹೆಚ್ಚಾದಷ್ಟೂ ಜಾಗ ಕಡಿಮೆ. ಗುಂಡು ತುದಿಯ ಮುಳ್ಳು ಅಲ್ಲಿ ತಡವರಿಸುತ್ತದೆ. ಮೊಟ್ಟೆಯಾಕಾರದ ತುದಿ, ಎಲಿಪ್ಟಿಕಲ್ ಎನ್ನುತ್ತಾರೆ, ಚೆನ್ನಾಗಿ ನಿಭಾಯಿಸುತ್ತದೆ. ಒಳ್ಳೆಯ ವಜ್ರದ ಮುಳ್ಳು 500ರಿಂದ 1000 ಗಂಟೆ ಬಾಳುತ್ತದೆ. ಸೆಕೆಂಡ್‌ಹ್ಯಾಂಡ್ ಯಂತ್ರದ ಮುಳ್ಳು ಎಷ್ಟು ಗಂಟೆ ಓಡಿದೆಯೋ ಹೇಳುವವರಿಲ್ಲ. ತಂದ ದಿನವೇ ಹೊಸದು ಹಾಕಿ.

ಭಾರ ಹೊಂದಿಸುವುದನ್ನು ಇಲ್ಲೇ ತೋರಿಸುತ್ತೇನೆ, ಮುಂದೆ ಬನ್ನಿ. ತೋಳಿನ ಹಿಂದಿರುವ ಈ ಗುಂಡನ್ನು ತಿರುಗಿಸುತ್ತ ಹೋಗುತ್ತೇನೆ. ಮುಂದೆ ವಾಲುತ್ತದೆ, ಹಿಂದೆ ವಾಲುತ್ತದೆ. ಈಗ ನೋಡಿ, ಅಕ್ಕಸಾಲಿಗರ ತಕ್ಕಡಿಯ ಮುಳ್ಳಿನ ಹಾಗೆ ಗಾಳಿಯಲ್ಲಿ ನಿಂತಿತು. ಇದು ಸೊನ್ನೆ. ಗುಂಡನ್ನು ಅಲುಗಿಸದೆ ಅಂಕಿಯ ಬಳೆಯನ್ನು ಮಾತ್ರ ಸೊನ್ನೆಗೆ ತಂದು, ಆಮೇಲೆ ಎರಡನ್ನೂ ಕೂಡಿಸಿ ಎರಡಕ್ಕೆ ತಿರುಗಿಸಿದರೆ ಎರಡು ಗ್ರಾಂ. ನಂಬಿಕೆ ಸಾಲದಿದ್ದರೆ ಸಣ್ಣ ಡಿಜಿಟಲ್ ತಕ್ಕಡಿ ಸಿಗುತ್ತದೆ, ಅದರ ಮೇಲೆ ಮುಳ್ಳನ್ನು ಇಳಿಸಿ ನೋಡಿ. ಕಡಿಮೆ ಭಾರ ಇಟ್ಟರೆ ಪ್ಲೇಟಿಗೆ ಒಳ್ಳೆಯದು ಎಂದು ಕೆಲವರು ತಿಳಿದಿದ್ದಾರೆ. ಹಾಗಲ್ಲ. ಹಗುರವಾದ ಮುಳ್ಳು ಗೀರಿನೊಳಗೆ ಕುಣಿಯುತ್ತದೆ, ಕುಣಿದು ಗೋಡೆಯನ್ನು ಒಡೆಯುತ್ತದೆ. ಕಂಪನಿಯವರು ಹೇಳಿದಷ್ಟೇ ಇಡಿ.

ಮಿಕ್ಕದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಕಾರ್ಟ್ರಿಜ್‌ನಿಂದ ಬರುವುದು ಕೆಲವೇ ಮಿಲಿವೋಲ್ಟ್. ಕೊರೆಯುವಾಗ ಮಂದ್ರವನ್ನು ತಗ್ಗಿಸಿ, ತಾರವನ್ನು ಏರಿಸಿ ಕೊರೆದಿರುತ್ತಾರೆ. ಆ ಸಣ್ಣ ದನಿಯನ್ನು ದೊಡ್ಡದು ಮಾಡಿ, ಅದನ್ನು ತಿರುಗಿ ಸರಿಮಾಡಲು ಫೋನೋ ಸ್ಟೇಜ್ ಎಂಬ ಸರ್ಕ್ಯೂಟು ಬೇಕು. ಕೆಲವು ಯಂತ್ರಗಳಲ್ಲಿ ಒಳಗೇ ಇರುತ್ತದೆ, ಹಳೆಯ ಆಂಪ್ಲಿಫೈಯರ್‌ಗಳ ಹಿಂಬದಿಯಲ್ಲಿ ಫೋನೋ ಎಂಬ ತೂತು ಇರುತ್ತದೆ. ಎರಡನ್ನೂ ಒಟ್ಟಿಗೆ ಬಳಸಬೇಡಿ. ಗುಂಯ್ ಎನ್ನುತ್ತಿದ್ದರೆ ಅರ್ಥ್ ತಂತಿ ಸಿಕ್ಕಿಸಿದ್ದೀರಾ ನೋಡಿ.

ಇಡುವ ಜಾಗದ ಬಗ್ಗೆ ನಮ್ಮ ಮನೆಗಳಿಗೆ ಒಂದು ಅನುಕೂಲವಿದೆ. ವಿದೇಶದ ಮನೆಗಳಲ್ಲಿ ಮರದ ನೆಲ, ನಡೆದರೆ ಮುಳ್ಳು ನೆಗೆಯುತ್ತದೆ. ಸ್ಪ್ರಿಂಗಿನ ಮೇಲೆ ತೂಗುವ ಯಂತ್ರಗಳು ಅಲ್ಲಿ ಅಷ್ಟು ಪ್ರಸಿದ್ಧವಾಗಲು ಅದೂ ಒಂದು ಕಾರಣ. 1961ರಲ್ಲಿ ಅಮೆರಿಕದ ಎಆರ್ ಕಂಪನಿ ತಂದ ಎಕ್ಸ್‌ಎ ಮತ್ತು ಆಮೇಲೆ ಬಂದ ಸ್ಕಾಟ್ಲೆಂಡಿನ ಲಿನ್ ಸೋಂಡೆಕ್ ಅಂಥವು. ನಮ್ಮದು ಕೆಂಪು ಗಾರೆಯ ನೆಲ, ಗ್ರಾನೈಟು. ಸ್ಪ್ರಿಂಗಿಗೆ ಹೆಚ್ಚು ದುಡ್ಡು ಕೊಡಬೇಕಿಲ್ಲ. ಗಟ್ಟಿ ಮೇಜು, ಗಾರೆ ಕೆಲಸದವರ ರಸಮಟ್ಟ ಇಟ್ಟು ನೋಡಿದ ಸಮತಟ್ಟು, ಸ್ಪೀಕರುಗಳಿಗೆ ಬೇರೆಯದೇ ಜಾಗ, ಇಷ್ಟಿದ್ದರೆ ಸಾಕು.

ಪ್ರಶ್ನೆಗಳಲ್ಲಿ ಮೊದಲನೆಯದು ಮಳೆಗಾಲದ ಬೂಷ್ಟಿನ ಬಗ್ಗೆ ಬಂತು. ವಿನೈಲ್ ಆದರೆ ಡಿಸ್ಟಿಲ್ಡ್ ನೀರಿಗೆ ಒಂದು ತೊಟ್ಟು ಮೆದು ಸೋಪು ಹಾಕಿ, ನಡುವಿನ ಕಾಗದ ನೆನೆಯದಂತೆ ಗೀರಿನ ದಿಕ್ಕಿನಲ್ಲೇ ತೊಳೆಯಿರಿ, ಪೂರ್ತಿ ಒಣಗಿಸಿ ನಿಲ್ಲಿಸಿಡಿ, ಒಂದರ ಮೇಲೊಂದು ಪೇರಿಸಬೇಡಿ ಎಂದೆ. ತರುಣರೊಬ್ಬರು ಬೆಂಗಳೂರಿನ ಸಂಡೇ ಬಜಾರಿನಲ್ಲಿ ಪ್ಲೇಟು ಕೊಳ್ಳುವಾಗ ಏನು ನೋಡಬೇಕು ಎಂದರು. ಪ್ಲೇಟನ್ನು ಬೆಳಕಿಗೆ ಓರೆ ಹಿಡಿಯಿರಿ, ಗೀರು ಮಿಂಚಬೇಕು. ಬೂದಿಯಂತಿದ್ದರೆ ಕವರು ಎಷ್ಟೇ ಚೆಂದವಿದ್ದರೂ ಬಿಟ್ಟು ಬನ್ನಿ.

ಕೊನೆಯಲ್ಲಿ ಹಿಂದಿನ ಸಾಲಿನ ಹಿರಿಯರೊಬ್ಬರು ಎದ್ದು ಬಂದರು. ಕೈಚೀಲದಲ್ಲಿ ಟವೆಲ್ ಸುತ್ತಿದ ಒಂದು 78ರ ಪ್ಲೇಟು. ಅವರ ತಂದೆಯದು. ಲೇಬಲ್ಲು ಸವೆದು ಹೆಸರು ಓದಲು ಬರುತ್ತಿರಲಿಲ್ಲ. ಮೂವತ್ತು ವರ್ಷದಿಂದ ಕೇಳಿಲ್ಲ ಎಂದರು. ನಾನು ಮುಳ್ಳು ಬದಲಿಸಿ, ವೇಗ 78ಕ್ಕೆ ಇಟ್ಟು, ತೋಳನ್ನು ಇಳಿಸಿದೆ. ಒಂದು ಹೆಣ್ಣು ದನಿ, ಹಿಂದೆ ಹಾರ್ಮೋನಿಯಂ. ದನಿ ಕೀರಲಾಗಿತ್ತು. ಆ ಕಾಲದ ಎಲ್ಲ ಪ್ಲೇಟುಗಳೂ ಸರಿಯಾಗಿ 78ರಲ್ಲೇ ಮುದ್ರಣವಾದವಲ್ಲ, ಕೆಲವು ನಿಧಾನ, ಕೆಲವು ಜೋರು. ಎರಡನೇ ಸಾಲಿನ ಅಮ್ಮನವರನ್ನು ಹತ್ತಿರ ಕರೆದೆ. ಹಾರ್ಮೋನಿಯಂ ಯಾವುದಾದರೊಂದು ಮನೆಗೆ ಬಂದು ಕೂರಲೇಬೇಕಲ್ಲ. ಅವರು ತಮ್ಮ ಫೋನಿನ ತಂಬೂರಿ ಹಾಕಿ ಕಿವಿಗೊಟ್ಟು ನಿಂತರು. "ಇಳಿಸಿ. ಇನ್ನೂ ಸ್ವಲ್ಪ. ಅಯ್ಯೋ ಜಾಸ್ತಿಯಾಯಿತು, ಒಂದು ಎಳೆ ಮೇಲೆ. ಹಾಂ, ಐದು ಮನೆ, ಬಿಡಿ ಕೈ." ಕೀರಲು ಹೋಯಿತು. ಹಾಡುತ್ತಿದ್ದವರು ದೊಡ್ಡ ಹೆಂಗಸು ಎಂದು ಆಗ ತಿಳಿಯಿತು, ಅಲ್ಲಿಯವರೆಗೆ ಚಿಕ್ಕ ಹುಡುಗಿ ಎಂದುಕೊಂಡಿದ್ದೆವು. ಆ ಹಿರಿಯರು ಮೇಜಿನ ಅಂಚು ಹಿಡಿದು ಬಗ್ಗಿ ಕೇಳುತ್ತಿದ್ದರು. ಮೂರು ನಿಮಿಷ ಮುಗಿದು ಮುಳ್ಳು ಒಳ ಸುತ್ತಿನಲ್ಲಿ ಕರಕರ ಎನ್ನತೊಡಗಿತು. ಅವರೇ ಎರಡೂ ಅಂಗೈಯಲ್ಲಿ ಪ್ಲೇಟನ್ನು ಎತ್ತಿ, ಮಗ್ಗುಲು ತಿರುಗಿಸಿ ಇಟ್ಟರು.